ಊಟದ ಮೇಜಿನ ರೇಸ್ ಚಾಂಪಿಯನ್

ಚಕ್ರವಿರುವ ಯಾವ ವಸ್ತುವಿನ ಹತ್ತಿರ ನಾನು ಹೋದರೂ ಏನಾದರೊಂದು ಆಗದೆ ಬಿಡುವುದಿಲ್ಲ. ತಪ್ಪು ಚಕ್ರದ್ದು, ನನ್ನದಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ಇನ್ನೂ ಗಾಳಿಗೆ ಓಡಾಡಲು ಜಾಗವಿದ್ದ ಕಾಲದ ಮಾತಿದು. ಆರ್.ಟಿ. ನಗರದ ನಮ್ಮ ಮನೆಗೆ ಮೊದಲ ಕಾರು ಬಂದಿತ್ತು, ಸೆಕೆಂಡ್ ಹ್ಯಾಂಡ್. ಲೈಸೆನ್ಸ್ ನನ್ನ ಜೇಬಿನಲ್ಲಿ, ಕೀ ಹೆಂಡತಿಯ ಸೆರಗಿನ ಗಂಟಿನಲ್ಲಿ. ಎಲ್ಲಿಗೆ ಹೋಗಬೇಕಾದರೂ ಯಶವಂತಪುರದಿಂದ ಅವಳ ತಮ್ಮ ಬಂದು ಓಡಿಸಬೇಕು. ಕಾರಿನ ಮಾಲೀಕನಾದ ನಾನು ಚಿತ್ರಾನ್ನದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಹೆಸರಘಟ್ಟದವರೆಗೂ ಹಿಂದಿನ ಸೀಟಿನಲ್ಲಿ ಕೂತಿರಬೇಕು. ಆ ಕೀಗಾಗಿ ನಾನು ಪಟ್ಟ ಪಾಡು ಕೇಳಿ.

ಸಾರಿನ ತಿರುವು

ಕೈ ಪಳಗಿದರೆ ಕೀ ತಾನಾಗಿ ಬರುತ್ತದೆಂದು ಕಂಪ್ಯೂಟರಿನ ರೇಸ್ ಗೇಮ್ ತಂದೆ. ಜೊತೆಗೆ ಒಂದು ಸ್ಟೀರಿಂಗ್, ಎರಡು ಪೆಡಲ್. ನನ್ನ ವೇಗಕ್ಕೆ ಮಾನಿಟರ್ ಎಷ್ಟು ಬಿಸಿಯಾಗುತ್ತಿತ್ತೆಂದರೆ ಪಕ್ಕದ ಮನೆ ಬೆಕ್ಕು ಚಳಿಗಾಲ ಪೂರ್ತಿ ಅದರ ಹಿಂದೆಯೇ ಮಲಗಿತು.

ಸ್ಟೀರಿಂಗ್ ಬಿಗಿಯಲು ನಮ್ಮಲ್ಲಿದ್ದದ್ದು ಊಟದ ಮೇಜು ಒಂದೇ. ಒಂದು ಸಂಜೆ ಅದರ ಈ ತುದಿಯಲ್ಲಿ ನಾನು ಜಗತ್ತಿನ ಅತಿ ಕಠಿಣ ತಿರುವಿನಲ್ಲಿದ್ದೆ, ಆ ತುದಿಯಲ್ಲಿ ಅತ್ತೆ ಊಟ ಮಾಡುತ್ತಿದ್ದರು. ನಾನು ತಿರುಗಿದೆ, ನನ್ನ ಜೊತೆ ಮೇಜೂ ತಿರುಗಿತು, ಸಾರು ಮಾತ್ರ ನೇರವಾಗಿ ಹೋಗಿ ಅತ್ತೆಯ ಮಡಿಲು ಸೇರಿತು. ಈಗ ಅತ್ತೆ ಇಲ್ಲ. ಮೇಜಿದೆ, ಸಾರಿನ ಕಲೆಯಿದೆ, ಅದನ್ನು ಉಜ್ಜಲು ನಾನು ಯಾರನ್ನೂ ಬಿಡುವುದಿಲ್ಲ. ಆವತ್ತು ಅವರು ಸೀರೆ ಕೊಡವಿಕೊಂಡು ಹೇಳಿದ್ದು ಇಷ್ಟೇ: "ಅಳಿಯಂದ್ರೇ, ಊರು ಬಂದಾಗ ಹೇಳಿ, ಇಳ್ಕೋತೀನಿ."

ಗೋಡೆಯ ಸಹಾಯ

ಗೇಮಿನಲ್ಲಿ ನಾನೊಂದು ತಂತ್ರ ಕಂಡುಹಿಡಿದೆ. ತಿರುವಿನಲ್ಲಿ ಬ್ರೇಕ್ ಹಾಕುವವರು ದಡ್ಡರು. ಕಾರನ್ನು ಗೋಡೆಗೆ ಒರಗಿಸಿದರೆ ಗೋಡೆಯೇ ತಿರುಗಿಸಿಕೊಡುತ್ತದೆ. ಇದರ ಬಲದಿಂದ ನಾನು ಇಡೀ ಬಡಾವಣೆಗೆ ಚಾಂಪಿಯನ್. ಬೇರೆ ಯಾರ ಮನೆಯಲ್ಲೂ ಆ ಗೇಮ್ ಇರಲಿಲ್ಲ, ಅದು ಬಿಡಿ.

ಹೆಂಡತಿ ಹಿಂದೆ ನಿಂತು ನೋಡುತ್ತಿದ್ದಳು. "ರೀ, ಈಗ ಗುದ್ದಿದ್ದು ಏನು?"

"ಗೋಡೆ."

"ನಿನ್ನೆ?"

"ಅದೂ ಗೋಡೆನೇ ಕಣೇ. ಅದು ಟೆಕ್ನಿಕ್."

"ಎಷ್ಟು ಸ್ಪೀಡಲ್ಲಿ?"

"ಇನ್ನೂರರ ಮೇಲೆ," ಎಂದೆ ಹೆಮ್ಮೆಯಿಂದ. ಅವಳು ಸೆರಗಿನ ಗಂಟು ಬಿಚ್ಚಿ, ಕೀಯನ್ನು ಅಕ್ಕಿ ಡಬ್ಬದ ತಳಕ್ಕೆ ಸೇರಿಸಿದಳು.

ಬಟನ್ ಎಲ್ಲಿದೆ

ಭಾಮೈದನೇ ಒಂದು ದಾರಿ ತೋರಿಸಿದ. "ಭಾವ, ಮೇಜು ಓಡಿಸಿದ್ದು ಸಾಕು. ಯಲಹಂಕದಾಚೆ ಗೋ-ಕಾರ್ಟ್ ಟ್ರ್ಯಾಕ್ ಇದೆ. ಅಲ್ಲಿ ನನ್ನ ಸೋಲ್ಸಿ, ಅಕ್ಕನ ಹತ್ರ ಕೀ ನಾನೇ ಕೊಡಿಸ್ತೀನಿ." ಭಾನುವಾರ ಕೀ ಅಕ್ಕಿ ಡಬ್ಬದಿಂದ ಎದ್ದು ಅವನ ಕೈಗೇ ಹೋಯಿತು, ಎಲ್ಲರೂ ಹೊರಟೆವು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಆಗ ಪಕ್ಕದಲ್ಲಿ ದ್ರಾಕ್ಷಿ ತೋಟವಿತ್ತು.

ಕಾರ್ಟ್ ಎಂದರೆ ನೆಲಕ್ಕೆ ಅಂಟಿಕೊಂಡ ಮಣೆಯಂಥ ಗಾಡಿ. ರೇಸಿಗೆ ಮುಂಚೆ ಅಭ್ಯಾಸಕ್ಕೆ ಬಿಟ್ಟರು. ಮೊದಲ ತಿರುವಿನಲ್ಲಿ ಒರಗಲು ಗೋಡೆಯೇ ಇರಲಿಲ್ಲ, ಮಧ್ಯದಲ್ಲೇ ಬ್ರೇಕ್ ಒದ್ದೆ. ಈ ಗಾಡಿಗೆ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಕ್ಕೆ ಮಾತ್ರವಂತೆ. ಗಿರ್ರನೆ ತಿರುಗಿ, ಹಿಂದೆ ಬರುತ್ತಿದ್ದವರಿಗೆ ಎದುರಾಗಿ ನಿಂತೆ. ಟ್ರ್ಯಾಕಿನವನು ಓಡಿಬಂದ. "ಸರ್, ನೇರ ಇರುವಾಗಲೇ ಬ್ರೇಕ್ ಹಾಕಿ, ತಿರುಗುವಾಗ ಬಿಡಿ. ಗಾಡಿ ಜಾರ್ತಿದ್ರೆ ನಿಮ್ ಬೆನ್ನಿಗೇ ಗೊತ್ತಾಗುತ್ತೆ." ಮನೆಯಲ್ಲಿ ನನ್ನ ಬೆನ್ನಿಗೆ ಗೊತ್ತಾಗುತ್ತಿದ್ದದ್ದು ಕುರ್ಚಿಯ ಮೊಳೆ ಒಂದೇ.

ಮುಂದಿನ ತಿರುವಿಗೆ ನನ್ನ ಗೋಡೆ ತಂತ್ರ. ಅಲ್ಲಿದ್ದದ್ದು ಹಳೇ ಟೈರುಗಳ ಗೋಡೆ. ಅದು ತಿರುಗಿಸಲಿಲ್ಲ, ನುಂಗಿತು. ಟೈರುಗಳ ನಡುವಿನಿಂದಲೇ ಕೇಳಿದೆ: "ಮೊದಲಿಂದ ಶುರು ಮಾಡೋ ಬಟನ್ ಎಲ್ಲಿದೆಯಪ್ಪಾ?"

ಅವನು ಏದುಸಿರು ಬಿಡುತ್ತಾ ಗಾಡಿ ಎಳೆದ. "ಆ ಬಟನ್ ನಾನೇ ಸರ್."

ಮುಂದೆ ಯಾರೂ ಇಲ್ಲ

ರೇಸಿಗೆ ನಾನು, ಭಾಮೈದ, ಸೋಲದೇವನಹಳ್ಳಿ ಕಡೆಯ ನಾಲ್ಕು ಜನ ಕಾಲೇಜು ಹುಡುಗರು. ಬೇಲಿಯಾಚೆ ಹೆಂಡತಿ, ಅತ್ತೆ. ಗೋಡೆಯ ಸಹವಾಸ ಬಿಟ್ಟು, ಕಲಿಸಿದಂತೆ ನೇರದಲ್ಲೇ ಬ್ರೇಕ್ ಹಾಕಿದೆ. ಯಾವುದಕ್ಕೂ ಇರಲಿ ಎಂದು ತಿರುವು ಕಾಣಿಸುವ ಮೊದಲೇ ಹಾಕಿದೆ. ಸುತ್ತು ಸುತ್ತಿಗೂ ಒಬ್ಬ ನನ್ನತ್ತ ನೀಲಿ ಬಾವುಟ ಬೀಸುತ್ತಿದ್ದ. ಮರ್ಯಾದೆ ಕೊಡುವವರಿಗೆ ಮರ್ಯಾದೆ ಕೊಡಬೇಕಲ್ಲ, ನಾನೂ ಕೈ ಬೀಸಿದೆ. ಆಮೇಲೆ ಕಪ್ಪು-ಬಿಳಿ ಚೌಕದ್ದೊಂದನ್ನು ಬೀಸಿದ. ಅದಕ್ಕೂ ಕೈ ಬೀಸಿದೆ.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಮುಂದೆ ಯಾರೂ ಇಲ್ಲ. ಹಿಂದೆಯೂ ಇಲ್ಲ. ಗೇಮಿನಲ್ಲಿ ಇದಕ್ಕೆ ಒಂದೇ ಅರ್ಥ. ಒಂದು ಕೈ ಮೇಲೆತ್ತಿ ಗೆರೆ ದಾಟಿದೆ.

"ಸರ್, ರೇಸ್ ಮುಗಿದು ಬಹಳ ಹೊತ್ತಾಯ್ತು," ಎಂದ ಟ್ರ್ಯಾಕಿನವನು. "ನೀಲಿ ಬಾವುಟ ಅಂದ್ರೆ ಹಿಂದಿನವರಿಗೆ ದಾರಿ ಬಿಡಿ ಅಂತ, ಚೌಕದ್ದು ಅಂದ್ರೆ ಮುಗೀತು ಅಂತ. ಎಲ್ರೂ ಟೀ ಕುಡೀತಿದಾರೆ."

ಭಾಮೈದ ಟೀ ಲೋಟ ಹಿಡಿದು ಬಂದ. "ನೋಡಿದ್ಯಾ ಅಕ್ಕಾ? ಕಾರಿನ ಕೀ ಇನ್ನು ನನ್ ಹತ್ರಾನೇ ಇರ್ಲಿ."

"ನೀನು ಆ ತಿರುವಲ್ಲಿ ಹೋಗಿದ್ದ ಸ್ಪೀಡ್ ನೋಡಿ ಅಮ್ಮ ಕಣ್ಣು ಮುಚ್ಕೊಂಡ್ಬಿಟ್ರು," ಎಂದಳು ಹೆಂಡತಿ. "ಇನ್ಮೇಲೆ ನಮ್ ಕಾರು ಮುಟ್ಬೇಡ." ಅವನ ಕೈಯಿಂದ ಕೀ ಕಿತ್ತು ನನ್ನ ಅಂಗೈಗೆ ಹಾಕಿದಳು.

ನಾನು ಕೀಯನ್ನು ಎರಡೆರಡು ಸಲ ತಿರುಗಿಸಿ ನೋಡಿದೆ.

"ಇನ್ನೂರು ಇನ್ನೂರು ಅಂತಿದ್ರಲ್ಲ, ಅದಕ್ಕೇ ಹೆದರಿದ್ದೆ ಕಣ್ರೀ," ಎಂದಳು. "ನಿಮ್ ಸ್ಪೀಡ್ ಇಷ್ಟೇ ಅಂತ ಮೊದಲೇ ತೋರಿಸಿದ್ರೆ ಆವತ್ತೇ ಕೊಟ್ಬಿಡ್ತಿದ್ದೆ."