ದೊಡ್ಡಪ್ಪ ಎಣಿಸಿದ ಮೂರನೆಯ ಹೆಜ್ಜೆ

ನಮ್ಮ ದೊಡ್ಡಪ್ಪ ಹುಟ್ಟಿದಾಗ ಅಳಲಿಲ್ಲವಂತೆ, ಸೀಟಿ ಊದಿದನಂತೆ! ಹೌದೋ ಅಲ್ಲವೋ ಎಂದು ಕೇಳೋಣವೆಂದರೆ ಹೆರಿಗೆ ಮಾಡಿಸಿದ ಸೂಲಗಿತ್ತಿ ಈಗಿಲ್ಲ. ಆದರೆ ನನಗೆ ಬುದ್ಧಿ ತಿಳಿದಾಗಿನಿಂದ ಅವನ ಬಾಯಲ್ಲಿ ಎಲೆ ಅಡಿಕೆಯಾಗಲಿ ಬೀಡಿಯಾಗಲಿ ಕಂಡವನಲ್ಲ, ಹಿತ್ತಾಳೆಯ ಸೀಟಿಯನ್ನೇ ಕಂಡವನು. ಆಗ ನಿಜಾಮರ ಸರಕಾರ. ದೊಡ್ಡಪ್ಪ ಮಸ್ಕಿಯ ಶಾಲೆಯಲ್ಲಿ ಡ್ರಿಲ್ ಮಾಸ್ತರ. ಉಳಿದ ಮಾಸ್ತರರು ಸಂಜೆಯಾದರೆ ಶಾಲೆಯನ್ನು ಶಾಲೆಯಲ್ಲೇ ಬಿಟ್ಟು ಬರುತ್ತಿದ್ದರು. ಇವನು ಅದನ್ನು ಮನೆಗೇ ಹೊಡೆದುಕೊಂಡು ಬರುತ್ತಿದ್ದ. ಒಂದು ಸೀಟಿಗೆ ನೀರು ಬರಬೇಕು, ಎರಡಕ್ಕೆ ರೊಟ್ಟಿ ಬರಬೇಕು, ಮೂರಕ್ಕೆ ಮನೆಮಂದಿಯೆಲ್ಲ ಹಾಸಿಗೆಯಲ್ಲಿರಬೇಕು!

"ನೀವು ಸೀಟಿ ಊದಿದ್ರ ರೊಟ್ಟಿ ಉಬ್ಬಂಗಿಲ್ರೀ. ಬರ್ರಿ, ಒಲಿ ಊದ್ರಿ," ಎಂದು ದೊಡ್ಡವ್ವ ಒಂದು ದಿನ ಊದುಗೊಳವೆಯನ್ನೇ ಅವನ ಕೈಗಿಟ್ಟಳು. ಅಂದಿನಿಂದ ರೊಟ್ಟಿಯ ಸೀಟಿ ಬಂದ್ ಆಯಿತು. ನೀರಿನದು, ಹಾಸಿಗೆಯದು ಮಾತ್ರ ಮುಂದುವರಿದವು.

ಒಮ್ಮೆ ಸರಕಾರ ಇವನನ್ನು ತರಬೇತಿಗೆಂದು ಹೈದರಾಬಾದಿಗೆ ಕಳಿಸಿತು. ಹೈದರಾಬಾದಿಗೆ ಹೋದವರು ಹೆಂಡತಿಗೆ ಬಳೆ ತರುತ್ತಾರೆ, ಅತ್ತರು ತರುತ್ತಾರೆ. ನಮ್ಮ ದೊಡ್ಡಪ್ಪ ಬಾಸ್ಕೆಟ್‌ಬಾಲ್ ತಂದ! ರಾಯಚೂರಿನಿಂದ ಮಸ್ಕಿಯವರೆಗೂ ಚೆಂಡು ಅವನ ತೊಡೆಯ ಮೇಲೆ ಕೂತು ಬಂತು, ಹಾಸಿಗೆಯ ಸುರುಳಿ ತಲೆಯ ಮೇಲೆ. ಬಾಗಿಲಲ್ಲಿ ದೊಡ್ಡವ್ವ ಆಸೆಯಿಂದ ಎರಡೂ ಕೈ ಚಾಚಿದಳು. ಇವನು ಚೆಂಡು ಕೊಟ್ಟ.

"ಇದನ್ನ ಯಾವ ಕೈಗೆ ಇಟ್ಕೊಳ್ಳಲಿ?" ಎಂದಳು ದೊಡ್ಡವ್ವ.

ಚೆಂಡೇನೋ ಬಂತು, ಅದನ್ನು ಹಾಕುವ ಬಳೆ? ಶಾಲೆಯ ಬೇವಿನ ಮರಕ್ಕೆ ಮೊದಲು ಎತ್ತಿನ ಗಾಡಿಯ ಗಾಲಿಯ ಕಬ್ಬಿಣದ ಹಳಿ ಕಟ್ಟಿಸಿದ. ಅದರೊಳಗೆ ಚೆಂಡೇನು, ಎಮ್ಮೆಯ ಕರು ಎಸೆದರೂ ಪಾರಾಗುತ್ತಿತ್ತು! ನಾವು ಕಣ್ಣು ಮುಚ್ಚಿ ಎಸೆದರೂ ಗೋಲು. "ಮೊದಲು ಧೈರ್ಯ ಬರಲಿ, ಗುರಿ ಹಿಂದಿಂದ ಬರತೈತಿ," ಎನ್ನುತ್ತಿದ್ದ. ಧೈರ್ಯ ಬಂದ ಮೇಲೆ ಹಳಿ ಇಳಿಯಿತು, ತಳ ಕತ್ತರಿಸಿದ ಸೆಗಣಿ ಬುಟ್ಟಿ ಏರಿತು. ಕೊನೆಗೆ ದೊಡ್ಡವ್ವನ ಹಿಟ್ಟಿನ ಜರಡಿಯ ತಗಡಿನ ಬಳೆ ಏರಿತು. ಒಂದು ತಿಂಗಳು ನಾವು ಹೊಟ್ಟಿನ ಸಮೇತ ರೊಟ್ಟಿ ತಿಂದೆವು. ಗುರಿಯಂತೂ ಬಂತು!

ಇವನಿಗೆ ಒಬ್ಬಳೇ ಮಗಳು, ನಮ್ಮಕ್ಕ. ನನಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಅವಳನ್ನು ಲಿಂಗಸುಗೂರಿಗೆ ಕೊಟ್ಟೆವು. ಹುಡುಗ ಇನ್ನೂ ಅಲ್ಲಿಯ ಶಾಲೆಯಲ್ಲಿ ಓದುತ್ತಿದ್ದ, ಬಾಸ್ಕೆಟ್‌ಬಾಲ್ ಆಡುತ್ತಿದ್ದ. ದೊಡ್ಡಪ್ಪ ಅವನ ಜಾತಕ ನೋಡಲಿಲ್ಲ, ಎತ್ತರ ನೋಡಿದ. ಮದುವೆಯೇನೋ ಚೆನ್ನಾಗಿಯೇ ನಡೆಯಿತು, ಊಟದವರೆಗೆ. ಪಂಕ್ತಿಯಲ್ಲಿ ಬೀಗರು ಹೋಳಿಗೆಯ ಮೊದಲ ತುತ್ತನ್ನು ಬಾಯ ಹತ್ತಿರ ತಂದಿದ್ದರು. ದೊಡ್ಡಪ್ಪನ ಕಣ್ಣಿಗೆ ಪಂಕ್ತಿ ಸೊಟ್ಟಗೆ ಕಂಡಿತು. ಕಂಡ ಮೇಲೆ ಸುಮ್ಮನಿರುವುದುಂಟೇ? ಸೀಟಿ ಊದಿಯೇ ಬಿಟ್ಟ!

"ಲೈನ್ ಸೀದಾ! ಬೆನ್ನು ನೆಟ್ಟಗ! ಎಲ್ಲಾರೂ ಒಂದೊಂದು ಗೇಣು ಹಿಂದಕ್ಕ!"

ಹಾಡುವ ಹೆಂಗಸರು ಹಾಡು ನಿಲ್ಲಿಸಿದರು. ಬೀಗರು ತುತ್ತನ್ನು ಎಲೆಗೆ ಇಳಿಸಿ ಎದ್ದರು. "ನಾವೇನು ನಿಮ್ಮ ಸಾಲಿ ಹುಡುಗ್ರೇನ್ರಿ? ಇನ್ನ ನಮ್ಮ ಸೊಸಿ ನಿಮ್ಮ ಹೊಸ್ತಿಲ ತುಳಿಯಂಗಿಲ್ಲ," ಎಂದು ಕೈ ತೊಳೆದುಕೊಂಡು ಹೊರಟೇ ಹೋದರು. ಅಕ್ಕನೂ ಅವರ ಹಿಂದೆ ಅಳುತ್ತ ಹೋದಳು.

ಎರಡು ಪಂಚಮಿ ಕಳೆದವು. ಊರಿನ ಹೆಣ್ಣುಮಕ್ಕಳೆಲ್ಲ ತವರಿಗೆ ಬಂದು ಜೋಕಾಲಿ ಆಡಿ, ಉಂಡೆ ಕಟ್ಟಿಸಿಕೊಂಡು ಹೋದರು. ನಮ್ಮಕ್ಕ ಬರಲಿಲ್ಲ. ದೊಡ್ಡಪ್ಪ ಮೂರು ಸಲ ಲಿಂಗಸುಗೂರಿಗೆ ಹೋಗಿ ಕ್ಷಮೆ ಕೇಳಿದ. ಬೀಗರು ಚಹಾ ಕೊಟ್ಟರು, ಮಗಳನ್ನು ತೋರಿಸಲಿಲ್ಲ. ನಾಲ್ಕನೆಯ ಸಲ ಹೋದಾಗ ಅವರೇ ಗತ್ತಿನಿಂದ ಹೇಳಿದರು: "ನಿಮ್ಮ ಹುಡುಗ್ರು ನಮ್ಮ ಹುಡುಗ್ರನ್ನ ಚೆಂಡಿನಾಟದಾಗ ಸೋಲಸಲಿ. ಈ ಪಂಚಮಿಗೆ ಕಳಸ್ತೀನಿ." ಅವರ ತಂಡದ ನಾಯಕ ಯಾರು? ಅವರ ಮಗ, ಅಂದರೆ ನಮ್ಮ ದೊಡ್ಡಪ್ಪನ ಖಾಸಾ ಅಳಿಯ!

ಇಲ್ಲೇ ಫಜೀತಿ ಶುರುವಾಯಿತು ನೋಡಿ. ಅಳಿಯನ ಎದುರು ಹೆಗಲ ಮೇಲಿನ ಟವೆಲ್ ತೆಗೆದು ನಿಲ್ಲುವ ಊರು ನಮ್ಮದು. ಅವನ ಕೈಯಿಂದ ಚೆಂಡು ಕಸಿಯುವುದೇ? ಪಂದ್ಯ ಮಸ್ಕಿಯಲ್ಲೇ ನಡೆಯಿತು. ಭಾವ ಚೆಂಡು ಕುಟ್ಟುತ್ತ ಬಂದರೆ ನಮ್ಮವರು "ಬರ್ರಿ ಭಾವಾರ" ಎಂದು ದಾರಿ ಬಿಟ್ಟು ನಿಂತರು! ನಮ್ಮ ಹುಸೇನ ಅವನಿಗೆ ಸಲಾಮು ಹೊಡೆದು, "ಮನ್ಯಾಗ ಎಲ್ಲಾ ಆರಾಮ್ರೀ?" ಎಂದು ಕೇಳಿದ. ಅಷ್ಟರಲ್ಲಿ ಅವರಿಗೆ ನಾಲ್ಕು ಗೋಲು.

"ಲೇ ಹುಸೇನಾ! ಮೈದಾನದಾಗ ಬೀಗರಿಲ್ಲ, ಅಳಿಯ ಇಲ್ಲ! ಕಸೀರಿ, ಇಲ್ಲಾ ಮನಿಗೆ ನಡೀರಿ!" ಎಂದು ದೊಡ್ಡಪ್ಪ ಕೂಗಿದ. ಕೂಗಿದವನೇ ನಾಲಿಗೆ ಕಚ್ಚಿಕೊಂಡ. ಯಾಕೆಂದರೆ ಅಂದು ಪಂಚನೂ ಅವನೇ! ಲಿಂಗಸುಗೂರಿನ ಡ್ರಿಲ್ ಮಾಸ್ತರರಿಗೆ ಜ್ವರ ಬಂದಿತ್ತು, ಆಟದ ಕಾಯಿದೆ ತಿಳಿದವರು ಬೇರೆ ಯಾರೂ ಇರಲಿಲ್ಲ. ಬೀಗರೇ ಮೀಸೆ ತಿರುವುತ್ತ ಒಪ್ಪಿದ್ದರು. ದೊಡ್ಡಪ್ಪ ತನ್ನ ಕೂಗಿಗೆ ತಾನೇ ಸೀಟಿ ಊದಿ, ಅವರಿಗೆ ಒಂದು ಪಾಯಿಂಟು ಜುಲ್ಮಾನೆ ಕೊಟ್ಟ!

ಬೈಸಿಕೊಂಡ ಮೇಲೆ ನಾವೂ ಹುಲಿಗಳಾದೆವು. ಭಾವನ ಅಂಗಿಯ ಗುಂಡಿ ಹರಿದವು. ಧೂಳೆದ್ದು ಎದುರಿನವರ ಮುಖ ಕಾಣದಾಯಿತು. ಕೊನೆಯ ಗಳಿಗೆಯಲ್ಲಿ ಅವರದು ಒಂದೇ ಒಂದು ಪಾಯಿಂಟು ಹೆಚ್ಚು, ಗೋಲು ಬಿದ್ದರೆ ಎರಡು ಪಾಯಿಂಟು, ಚೆಂಡು ನನ್ನ ಕೈಯಲ್ಲಿ! ತಂಡದಲ್ಲೇ ದಡ್ಡ ಆಟಗಾರನಾದ ನನ್ನ ಕೈಯಲ್ಲಿ! ಅಕ್ಕನನ್ನು ನೆನೆದೆ, ಓಡಿದೆ, ಹಾರಿದೆ, ಎಸೆದೆ. ಗೋಲು! ಹುಸೇನ ನನ್ನನ್ನು ಎತ್ತಿಕೊಂಡು ಕುಣಿದ. ಗೋಡೆಯ ಆಚೆ ಹೆಂಗಸರ ನಡುವೆ ನಿಂತಿದ್ದ ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ಸೀಟಿ ಕೇಳಿಸಿತು.

ಚೆಂಡನ್ನು ನೆಲಕ್ಕೆ ಕುಟ್ಟದೆ ಎರಡು ಹೆಜ್ಜೆಗಿಂತ ಹೆಚ್ಚು ಇಡಬಾರದು ಎಂಬುದು ಕಾಯಿದೆ. ದೊಡ್ಡಪ್ಪ ನನ್ನ ಹತ್ತಿರ ಬಂದು ಕೇಳಿದ: "ಎಷ್ಟು ಹೆಜ್ಜಿ ಇಟ್ಟೀ?"

"ಎರಡು, ದೊಡ್ಡಪ್ಪಾ."

"ಮೂರು," ಎಂದ.

ಎಲ್ಲರೂ ಚೆಂಡನ್ನು ನೋಡುತ್ತಿದ್ದರು, ನನ್ನ ಕಾಲನ್ನು ನೋಡಿದವನು ಅವನೊಬ್ಬನೇ. ಗೋಲು ರದ್ದಾಯಿತು. ನಾವು ಸೋತೆವು.

"ಆ ಒಂದು ಹೆಜ್ಜಿ ಕಾಣಲಿಲ್ಲ ಅಂದಿದ್ರ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ದೊಡ್ಡವ್ವ ಕೇಳಿದಳು. ಅಂದಿನಿಂದ ಅವಳು ಅವನ ತಾಟನ್ನು ದೂರದಿಂದಲೇ ಸರಿಸುತ್ತಿದ್ದಳು. ನಾನಂತೂ ಅವನ ಜೊತೆ ಮಾತೇ ಬಿಟ್ಟೆ. ನನಗೆ ಅವನ ಮೇಲೆ ಕೆಂಡದಂಥ ಸಿಟ್ಟಿತ್ತು. ಅವನು ಹೇಳಿದ್ದು ಖರೆ ಎಂಬುದು ನನಗೆ ಗೊತ್ತಿದ್ದುದರಿಂದ ಸಿಟ್ಟು ಇನ್ನೂ ಹೆಚ್ಚಾಗಿತ್ತು.

ಪಂಚಮಿಯ ಹಿಂದಿನ ದಿನ ಮಧ್ಯಾಹ್ನ ನಮ್ಮ ಮನೆಯ ಮುಂದೆ ಒಂದು ಗಾಡಿ ನಿಂತಿತು. ಭಾವ ಇಳಿದ. ಅವನ ಹಿಂದೆ ಅಕ್ಕ!

"ನಾನೇ ಅಪ್ಪಗ ಬಿಡಿಸಿ ಹೇಳಿದೆ," ಎಂದ ಭಾವ. "ಆ ಹೆಜ್ಜಿ ನಮಗ ಯಾರಿಗೂ ಕಂಡಿರಲಿಲ್ಲ. ಅದನ್ನ ಕೇಳಿ ಅಪ್ಪಾರು, ಮಗಳು ಮನಿಗೆ ಬರೋದು ತಪ್ಪತೈತಿ ಅಂತ ಗೊತ್ತಿದ್ದೂ ಖರೇ ಹೇಳಿದ ಮನಶ್ಯಾ, ಅವನ ಮ್ಯಾಲ ಇನ್ನ ಸಿಟ್ಟು ಹಿಡದ್ರ ನಾನ ಸಣ್ಣಾಂವ ಆಗತೀನಿ, ಕರಕೊಂಡು ಹೋಗು ಅಂದ್ರು."

ಅಕ್ಕ ಸೊರಗಿದ್ದಳು. ಅಪ್ಪನ ಮುಖವನ್ನೇ ನೋಡುತ್ತ ಕೇಳಿದಳು: "ಅಪ್ಪಾ, ಖರೇನ ಮೂರು ಹೆಜ್ಜಿ ಇದ್ದವೇನು?"

ದೊಡ್ಡಪ್ಪ ನನ್ನ ಕಾಲಿನ ಕಡೆ ನೋಡಿದ. ನನಗೆ ತಡೆಯಲಾಗಲಿಲ್ಲ.

"ಮೂರು ಇದ್ದವಕ್ಕಾ. ನಾ ಸುಳ್ಳು ಹೇಳಿದ್ದೆ," ಎಂದೆ.

ದೊಡ್ಡಪ್ಪ ಒಂದು ಕೈಯಿಂದ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡ, ಇನ್ನೊಂದು ಕೈಯಿಂದ ಅಕ್ಕನ ಗದ್ದ ಹಿಡಿದೆತ್ತಿದ. ಊರಿಗೆಲ್ಲ ಹುಕುಂ ಕೊಡುತ್ತಿದ್ದ ಮನುಷ್ಯ ನಡುಬೀದಿಯಲ್ಲಿ ಮಗುವಿನಂತೆ ಅತ್ತುಬಿಟ್ಟ.

"ಎರಡು ವರ್ಷ ಆತಲೇ," ಎಂದ ನನಗೆ, "ನನ್ನ ಮಗಳ ಮಾರಿ ನೋಡಿ."