ನಾಲ್ಕು ಹೆಸರಿನ ಹಡಗು

ಬಂದರಿನಲ್ಲಿ ಕೆಲಸ ಮಾಡುವವರಿಗೆ ನಗುವುದಕ್ಕೆ ಬರವಿಲ್ಲ. ಬಂದ ಹಡಗು ಪ್ರಯಾಣಿಕರ ಜೊತೆ ಒಂದೆರಡು ಫಜೀತಿಗಳನ್ನೂ ಇಳಿಸಿಯೇ ಹೋಗುತ್ತದೆ. ನಾನು ಮೈಸೂರಿನವಳು, ಕೊಚ್ಚಿಯಲ್ಲಿ ಹಡಗುಗಳ ಕಾಗದಪತ್ರ ನೋಡುವ ಕೇಂದ್ರ ಸರ್ಕಾರದ ಕೆಲಸದಲ್ಲಿದ್ದೇನೆ. ನನ್ನ ಪಾಲಿನ ಫಜೀತಿಗಳಲ್ಲಿ ಅರ್ಧಕ್ಕರ್ಧ ತಂದವಳು ಒಬ್ಬಳೇ. ಬಿಳೀ ಮೈಯ, ಹತ್ತು ಅಂತಸ್ತಿನ ಪ್ರವಾಸಿ ಹಡಗು. ಹುಟ್ಟಿದಾಗ ಅವಳಿಗೆ ಯಾವುದೋ ದೇಶದ ರಾಣಿಯ ಹೆಸರು. ಮಾಲೀಕರು ಬದಲಾದಾಗ ಹೂವಿನ ಹೆಸರು, ಆಮೇಲೆ ಹಕ್ಕಿಯದು, ಈಗ ನಕ್ಷತ್ರದ್ದು. ಅವಳು ಬರುತ್ತಾಳೆ ಅಂದರೆ ಇವತ್ತಿಗೂ ನನಗೆ ಬೆಳಗಿನ ತಿಂಡಿ ಸೇರುವುದಿಲ್ಲ, ಅಷ್ಟು ಸಂಭ್ರಮ!

ಮೊದಲ ದಿನ

ಕೆಲಸಕ್ಕೆ ಸೇರಿ ನಾನು ಎದುರುಗೊಂಡ ಮೊದಲ ಪ್ರವಾಸಿ ಹಡಗು ಅವಳೇ. ಕೈಯಲ್ಲಿದ್ದ ಕಾಗದದಲ್ಲಿ ಹಕ್ಕಿಯ ಹೆಸರು. ಹತ್ತಿರ ಬಂದಳು. ಮುಂಭಾಗದಲ್ಲಿ ಹಕ್ಕಿಯೇನೋ ಇತ್ತು, ಆದರೆ ಅದರ ಕೆಳಗೆ ಬಣ್ಣದಡಿಯಿಂದ ರಾಣಿಯ ಹೆಸರು ಉಬ್ಬಿಕೊಂಡು ಕಾಣುತ್ತಿತ್ತು. "ಸಾರ್, ಬೇರೆ ಹಡಗು ಬಂದಿದೆ! ಕಳ್ಳ ಹಡಗು!" ಎಂದು ಹಿರಿಯ ಅಧಿಕಾರಿಯ ಹತ್ತಿರ ಓಡಿದೆ.

ಅವರು ಮಲಯಾಳಿ, ನಿವೃತ್ತಿಯ ಅಂಚಿನಲ್ಲಿದ್ದವರು. "ಪೇರ್ ನೋಕ್ಕಂಡ ಮೋಳೇ, ನಂಬರ್ ನೋಕ್ಕ್" ಎಂದರು. ಹೆಸರು ನೋಡಬೇಡ ಮಗಳೇ, ನಂಬರು ನೋಡು ಅಂತ. ಹೆಸರು ಎಷ್ಟು ಸಲ ಬದಲಾದರೂ ಹಡಗಿನ ನಂಬರು ಹುಟ್ಟಿನಿಂದ ಒಂದೇ. ಹಳೆಯ ಹೆಸರಿನ ಅಕ್ಷರಗಳನ್ನು ಕಬ್ಬಿಣಕ್ಕೆ ಬೆಸುಗೆ ಹಾಕಿರುತ್ತಾರಂತೆ, ಬಣ್ಣ ಬಳಿದರೂ ಪೂರ್ತಿ ಅಳಿಯುವುದಿಲ್ಲವಂತೆ.

ನನ್ನ ಗಾಬರಿ ಕ್ಯಾಪ್ಟನ್ನಿನ ಕಿವಿಗೂ ಬಿದ್ದಿತ್ತು. ನಕ್ಕು ಹೇಳಿದ: "ಸಂಜೆಯವರೆಗೆ ಇಲ್ಲೇ ಇರಿ ಮೇಡಂ. ಬಿಸಿಲು ಓರೆಯಾದಾಗ ಹೂವೂ ಕಾಣುತ್ತದೆ."

ವಿಳಿಂಜಂನ ಚೇಟ್ಟನ್

ನಡುವೆ ಎರಡು ವರ್ಷ ತಿರುವನಂತಪುರಕ್ಕೆ ವರ್ಗವಾಯಿತು. ಉಳ್ಳೂರಿನಲ್ಲಿ ಮನೆ, ವಿಳಿಂಜಂ ಬಂದರಿನಲ್ಲಿ ಕೆಲಸ. ಹಡಗುಗಳು ಸಮುದ್ರದಲ್ಲೇ ನಿಲ್ಲುತ್ತಿದ್ದವು, ಸಿಬ್ಬಂದಿ ದೋಣಿಯಲ್ಲಿ ದಡಕ್ಕೆ ಬರುತ್ತಿದ್ದರು. ಒಂದು ದಿನ ದೂರದಲ್ಲಿ ನಮ್ಮವಳೇ ನಿಂತಿದ್ದಾಳೆ! ಹೊಸದಾಗಿ ನಕ್ಷತ್ರವಾಗಿದ್ದಳು.

ದೋಣಿಯಿಂದ ಇಳಿದವರಲ್ಲಿ ಅಲ್ಲೇ ಪಕ್ಕದ ಊರಿನ ಒಬ್ಬ ಚೇಟ್ಟನ್ ಇದ್ದರು, ಎಂಜಿನ್ ಕೋಣೆಯ ಫಿಟ್ಟರ್. ಕೇರಳದಲ್ಲಿ ಅಣ್ಣನಿಗೆ ಚೇಟ್ಟನ್, ಅಕ್ಕನಿಗೆ ಚೇಚಿ. ನನ್ನ ಜೊತೆಗಿದ್ದ ಹೊಸ ಹುಡುಗಿ ಅವರ ಹಡಗು ಸೇವೆಯ ಪುಸ್ತಕ ತಿರುವಿ ಬೆರಗಾದಳು. "ನಾಲ್ಕು ಹಡಗುಗಳಲ್ಲಿ ಕೆಲಸ ಮಾಡಿದ್ದೀರಾ! ಯಾವುದು ಚೆನ್ನಾಗಿತ್ತು?"

ಚೇಟ್ಟನ್ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಹಡಗು ಒಂದೇ ಮೇಡಂ. ಮಲಗುವ ಮಂಚವೂ ಅದೇ. ಹೆಸರು ಬದಲಾದಾಗಲೆಲ್ಲ ಹೊಸ ಕೆಲಸ ಸಿಕ್ಕಿತು ಅಂತ ಮನೆಗೆ ಫೋನು ಮಾಡಿದ್ದೇನೆ. ಪ್ರತಿ ಸಲವೂ ಹೆಂಡತಿ ಬೀದಿಗೆಲ್ಲ ಪಾಯಸ ಹಂಚಿದ್ದಾಳೆ. ದಯವಿಟ್ಟು ಅವಳಿಗೆ ಹೇಳಬೇಡಿ."

ಹೊರಗೆ ಆಕೆ ಹೊಸ ಸೀರೆಯುಟ್ಟು ಕಾಯುತ್ತಿದ್ದರು. ನನ್ನನ್ನು ತಡೆದು ಆಸೆಯಿಂದ ಕೇಳಿದರು: "ಮೇಡಂ, ಇವರ ಹೊಸ ಹಡಗು ಹಳೆಯದಕ್ಕಿಂತ ದೊಡ್ಡದೇ?"

"ಒಂದಿಂಚೂ ಕಡಿಮೆಯಿಲ್ಲ ಚೇಚಿ" ಎಂದೆ.

ಗೇಟಿನಲ್ಲಿ

ಮತ್ತೆ ಕೊಚ್ಚಿಗೆ ಬಂದ ಮೇಲೆ, ರಜೆಯ ದಿನ ಗಂಡ ಮತ್ತು ಮಗಳಿಗೆ ಅವಳನ್ನು ತೋರಿಸಲು ಸಂದರ್ಶಕರ ಪಾಸು ಮಾಡಿಸಿದೆ, ರಜೆಯಾದ್ದರಿಂದ ನನಗೂ ಅದೇ ಪಾಸು. ಮಗಳು ಕುಣಿದು ಕುಣಿದು ಬಂದಳು. ಗೇಟಿನ ಕಾವಲಿನ ಹೆಂಗಸು ಅವರಿಬ್ಬರನ್ನೂ ಒಳಗೆ ಬಿಟ್ಟು ನನ್ನನ್ನು ನಿಲ್ಲಿಸಿದಳು. ಆಧಾರ್ ಕಾರ್ಡಿನಲ್ಲಿ ನಮ್ಮಪ್ಪನ ಹೆಸರು ನನ್ನ ಹೆಸರಿನ ಮುಂದೆ, ಪಾಸಿನಲ್ಲಿ ಹಿಂದೆ.

"ಎರಡು ಥರ ಹೆಸರಿದ್ದರೆ ಆಗುವುದಿಲ್ಲ ಚೇಚಿ."

ನನಗೆ ರೇಗಿತು. ಅವಳ ಬೆನ್ನ ಹಿಂದೆ ನಿಂತಿದ್ದ ಹಡಗಿನ ಕಡೆ ಕೈ ತೋರಿಸಿದೆ. "ಅವಳಿಗೆ ನಾಲ್ಕು ಹೆಸರಿದೆ! ಅವಳನ್ನು ಹೇಗಮ್ಮಾ ಒಳಗೆ ಬಿಟ್ಟಿರಿ?"

ಅವಳು ತಿರುಗಿ ಹಡಗನ್ನು ಮೇಲಿಂದ ಕೆಳಗಿನವರೆಗೆ ಗಂಭೀರವಾಗಿ ನೋಡಿದಳು. "ಅದು ಈ ಗೇಟಿನಿಂದ ಬಂದಿಲ್ಲ ಚೇಚಿ."

ಹುಬ್ಬಳ್ಳಿಯ ಅಕ್ಕ

ಇದು ಹೋದ ಸೀಸನ್ನಿನದು. ಹಡಗು ಹೊರಡಲು ಅರ್ಧ ಗಂಟೆ ಇತ್ತು. ಏಣಿಮೆಟ್ಟಿಲಿನಲ್ಲಿ ಗಲಾಟೆ. ಎಲ್ಲರೂ ಹತ್ತುತ್ತಿದ್ದರೆ, ಅರವತ್ತು ದಾಟಿದ ಒಬ್ಬ ಹೆಂಗಸು ಚೀಲ ಎದೆಗವಚಿಕೊಂಡು ಇಳಿಯುತ್ತಿದ್ದಾರೆ! "ಇದು ನಮ್ಮ ಹಡಗ ಅಲ್ರೀ! ಬಿಡ್ರೀ ನನ್ನ!" ಕನ್ನಡ ಕೇಳಿದ್ದೇ ತಡ, ನಾನು ಓಡಿದೆ.

"ಏನಾಯ್ತಕ್ಕಾ?"

"ಪುಣ್ಯಾತ್ಗಿತ್ತಿ, ಕನ್ನಡದಾಕಿ ಸಿಕ್ಕಿ! ನೋಡ ತಂಗಿ, ಟಿಕೆಟ್ಟಿನ್ಯಾಗ ನಕ್ಷತ್ರ ಅಂತೈತಿ. ಒಳಗ ಹಿತ್ತಾಳಿ ಗಂಟಿ ಮ್ಯಾಲೆ ರಾಣಿ ಅಂತೈತಿ. ಚಾದ ಕಪ್ಪಿನ ಮ್ಯಾಲೆ ಹೂವು, ಟಾವೆಲ್ಲಿನ ಮ್ಯಾಲೆ ಹಕ್ಕಿ. ನಮ್ಮನ್ಯಾರು ಇದನ್ನೇನೂ ನೋಡದ ಊಟಕ್ಕ ಕುಂತಾರ!"

ಮಾಲೀಕರು ಬದಲಾದಾಗ ಹೆಸರೂ ಬದಲಾಗುತ್ತದೆ, ಹಳೆಯ ಸಾಮಾನು ಒಂದಷ್ಟು ಉಳಿಯುತ್ತದೆ ಎಂದು ವಿವರಿಸಿದೆ. ನಂಬಲಿಲ್ಲ. ಕಡೆಗೆ ಕೇಳಿದೆ: "ಅಕ್ಕಾ, ಮದುವೇಲಿ ನಿಮ್ಮ ಹೆಸರೂ ಬದಲಾಯಿಸಿದ್ರಲ್ವಾ? ಹಾಗೇ ಇದೂ."

"ಬದಲಿಸ್ಯಾರ. ಒಮ್ಮೆ ಬದಲಿಸ್ಯಾರ! ಈಕಿ ಮೂರು ಮನಿ ಬಿಟ್ಟು ಬಂದಾಕಿ. ನಮ್ಮನ್ನ ನಡುನೀರಾಗ ಕೈ ಬಿಡಂಗಿಲ್ಲ ಅಂತ ಏನ ಗ್ಯಾರಂಟಿ?"

ಕ್ಯಾಪ್ಟನ್ ಗಡಿಯಾರ ನೋಡುತ್ತಾ ಕೆಳಗೆ ಬಂದಿದ್ದ. ಪ್ರಶ್ನೆಯನ್ನು ಇಂಗ್ಲಿಷಿಗೆ ತಂದು ಒಪ್ಪಿಸಿದೆ. ಅವನು ಟೋಪಿ ತೆಗೆದು ಹೇಳಿದ: "ಅಮ್ಮನವರಿಗೆ ಹೇಳಿ, ಇವಳು ಯಾರನ್ನೂ ಬಿಟ್ಟಿಲ್ಲ. ಬಿಟ್ಟವರೆಲ್ಲ ಮಾಲೀಕರೇ."

ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅಕ್ಕನ ಮುಖ ಕರಗಿತು. ಹಡಗನ್ನು ದಿಟ್ಟಿಸಿ ನೋಡಿದರು. "ಅಯ್ಯ ಪಾಪ, ಇಷ್ಟ ಚಂದ ಅದಾಳ. ಬಿಟ್ಟು ಹ್ವಾದವ್ರಿಗೆ ಕಣ್ಣಿರಲಿಲ್ಲೇನ?" ಅಂದವರೇ ಮೆಟ್ಟಿಲು ಹತ್ತಿ, ಕಂಬಿಯನ್ನು ಮಗಳ ಬೆನ್ನಿನಂತೆ ಸವರಿ ಒಳಗೆ ನಡೆದರು.

ಕ್ಯಾಪ್ಟನ್ ಆತಂಕದಿಂದ ನನ್ನತ್ತ ಬಾಗಿದ. "ಏನಂದರು?"

"ಹುಡುಗಿ ಒಪ್ಪಿಗೆಯಂತೆ" ಎಂದೆ.