ಕೆಂಪು ಕಂಪನಿ, ನೀಲಿ ಕಂಪನಿ

ಸಮುದ್ರದಾಚೆ ಎರಡು ಕಾಮಿಕ್ಸ್ ಕಂಪನಿಗಳು ವ್ಯಾಪಾರಕ್ಕಾಗಿ ಕಚ್ಚಾಡುತ್ತವೆ. ಅದಕ್ಕೆ ಮಾತು ಬಿಡುವವರು ಮಾತ್ರ ಶಿವಮೊಗ್ಗ, ಭದ್ರಾವತಿಯವರು. ಸೂಪರ್‌ಹೀರೋ ಸಿನಿಮಾ ಬಂದಾಗೆಲ್ಲ ನಮ್ಮಲ್ಲಿ ಇಂಥದ್ದೊಂದು ನಡೆದೇ ನಡೆಯುತ್ತದೆ. ನನ್ನದು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಜೆರಾಕ್ಸ್ ಅಂಗಡಿ, ಪಕ್ಷ ನೀಲಿ ಕಂಪನಿ. ಗೆಳೆಯನ ಮನೆ ಭದ್ರಾವತಿಯ ನ್ಯೂ ಟೌನಿನಲ್ಲಿ, ಪಕ್ಷ ಕೆಂಪು. ರಕ್ಷಾಪುಟದ ಬಣ್ಣ ನೋಡಿ ಶಾಲೆಯಲ್ಲಿ ನಾವೇ ಇಟ್ಟ ಹೆಸರುಗಳಿವು. "ನಮ್ದೇ ಚೆನ್ನಾಗಿದೆ ಅಂತ ಒಂದ್ಸಲ ಒಪ್ಕೊಳೋ" ಅನ್ನುವುದು ಅವನ ಜೀವಮಾನದ ಬೇಡಿಕೆ. ನಲವತ್ತು ದಾಟಿದರೂ ನಾನು ಒಪ್ಪಿರಲಿಲ್ಲ.

ಥಿಯೇಟರ್ ಮುಂದೆ

ಕೆಂಪು ಕಂಪನಿಯ ನಾಯಕ ಪರದೆಯ ಮೇಲೆ ಸತ್ತ ದಿನ ಗೆಳೆಯ ಬಿಕ್ಕುತ್ತಲೇ ಹೊರಬಂದ. ಟೀ ಅಂಗಡಿಯವನು ಗಾಬರಿಯಾಗಿ ಬೆಂಚು ಒರೆಸಿ ಕೂರಿಸಿದ.

"ಯಾರ್ ಹೋದ್ರು ಸಾರ್?"

"ನಮ್ಮವನೇ," ಅಂದ ಗೆಳೆಯ.

"ವಯಸ್ಸಾಗಿತ್ತಾ?"

"ಇಲ್ಲಪ್ಪ. ಜನಾನ ಉಳಿಸೋಕೆ ಹೋಗಿ ಸತ್ತ."

ಟೀ ಅಂಗಡಿಯವನು ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದ, "ಮಿಲಿಟ್ರೀಲಿದ್ರಾ?"

ಆಸ್ಪತ್ರೆಯಲ್ಲಿ

ಆಮೇಲೆ ಅವನ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್‌ಗೆ ಜೊತೆಗೆ ಕೂರುವವನು ನಾನೇ. ಒಂದು ದಿನ ಮಷೀನು ಕಿರುಚಿತು. ನರ್ಸ್ ಓಡಿಬಂದು, "ಬಿಪಿ ಯಾಕೆ ಇಷ್ಟು ಏರಿದೆ?" ಅಂದಳು.

"ನಮ್ಮ ಹೊಸ ಸಿನಿಮಾದ ಟ್ರೈಲರ್ ತೋರಿಸಿದ್ರೆ ಇವನು ಆಕಳಿಸಿದ ಸಿಸ್ಟರ್!"

ನನ್ನನ್ನು ಹೊರಗೆ ಹಾಕಿದರು.

ದಿನೇ ದಿನೇ ಅವನು ಇಳಿದುಹೋದ. ಒಂದು ಸಂಜೆ ಕೈ ಹಿಡಿದು, "ಈಗ್ಲಾದ್ರೂ ಒಪ್ಕೊಳೋ ಮಾರಾಯ," ಅಂದ. ಒಪ್ಪಿದರೆ, ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ನನಗೆ ಹೇಳಿದ್ದು ಅವನಿಗೂ ಗೊತ್ತಾಗಿಬಿಡುತ್ತಿತ್ತು. "ಸುಮ್ನಿರೋ, ನಿಂದು ಬರೀ ಕಸ," ಅಂದೆ.

ಅವನ ಮುಖ ಅರಳಿತು. "ಹಾಗಾದ್ರೆ ನಾನು ಸದ್ಯಕ್ಕೆ ಸಾಯಲ್ಲ ಬಿಡು."

ಹೊಳೆ ದಡದಲ್ಲಿ

ಸತ್ತ. ಹನ್ನೊಂದನೇ ದಿನ ಭದ್ರಾ ದಡದಲ್ಲಿ ಬಾಳೆಲೆ ಹಾಸಿ ಅವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ ಎಡೆ ಇಟ್ಟರು. ಕಾಗೆ ಮರದಲ್ಲಿ ಕೂತಿದೆ, ಇಳಿಯದು. "ಏನೋ ಆಸೆ ಉಳಿದಿದೆ," ಅಂದರು ಪುರೋಹಿತರು.

"ಮಗಳನ್ನ ಚೆನ್ನಾಗಿ ಓದಿಸ್ತೀನಿ ರೀ," ಅಂದಳು ಹೆಂಡತಿ. ಕಾಗೆ ಕದಲಲಿಲ್ಲ. ಅವನ ಅಣ್ಣ, "ಮನೇಲಿ ನನ್ನ ಪಾಲೂ ನಿನ್ನ ಹೆಂಡ್ತಿಗೇ ಕಣೋ," ಅಂದ. ಅದಕ್ಕೂ ಇಲ್ಲ. ಬಿಸಿಲೇರಿತು. ಕೊನೆಗೆ ಅವಳು ನನ್ನ ಕಡೆ ತಿರುಗಿ ಕೈ ಮುಗಿದಳು. "ಅಣ್ಣಾ, ನೀವೇ ಹೇಳಿಬಿಡಿ."

ಅಷ್ಟು ಜನರ ಮುಂದೆ ನಾನು ಕಾಗೆಗೆ ಕೈ ಮುಗಿದೆ. "ಆಯ್ತು ಮಾರಾಯ. ಕೆಂಪು ಕಂಪನಿದೇ ಚೆನ್ನಾಗಿತ್ತು."

ಕಾಗೆ ಒಂದು ಕೊಂಬೆ ಕೆಳಗಿಳಿದು ಕೂತಿತು.

"ಎಲ್ಲಾ ಸಿನಿಮಾನೂ ಅನ್ನಿ ಅಣ್ಣಾ!"

"ಎಲ್ಲಾ ಸಿನಿಮಾನೂ!"

ಇಳಿದು ಎಲೆಗೆ ಬಾಯಿ ಹಾಕಿತು. ಅವನು ಹೋದಮೇಲೆ ಅವಳು ಮೊದಲ ಸಲ ನಕ್ಕಳು. ನಾನು ಮೊದಲ ಸಲ ಅತ್ತೆ.

ಎಲ್ಲ ಮುಗಿದು ಕೈ ತೊಳೆಯುವಾಗ ಪುರೋಹಿತರು ಪಕ್ಕಕ್ಕೆ ಬಂದರು. ಮರ ಖಾಲಿಯಿದೆಯೇ ಎಂದು ಒಮ್ಮೆ ಮೇಲೆ ನೋಡಿ, ತಗ್ಗಿದ ದನಿಯಲ್ಲಿ ಅಂದರು, "ನೀವು ಹೇಳಿದ್ದು ಒಳ್ಳೇದೇ ಆಯ್ತು. ಆದ್ರೂ ಸ್ವಾಮಿ, ನೀಲಿದೇ ಚೆನ್ನಾಗಿರೋದು."